ನಾಲ್ಕನೇ ಜ್ವರದ ಒಗ್ಗರಣೆ

ನಮ್ಮ ಮನೆಯಲ್ಲಿ ಯಾರಿಗೂ ಎದುರಿಗೇ ‘ಗೆಲುವಾಗಿದ್ದೀಯ’ ಅನ್ನುತ್ತಿರಲಿಲ್ಲ. ಹಾಗೆ ಅನ್ನಬಾರದೆಂದು ಯಾರಾದರೂ ಕೂರಿಸಿಕೊಂಡು ಹೇಳಿಕೊಟ್ಟದ್ದು ನೆನಪಿಲ್ಲ. ಒಲೆಗೆ ಕಾಲು ತಾಗಿಸಬಾರದು ಅನ್ನುವುದು ಹೇಗೆ ಗೊತ್ತಿತ್ತೋ ಹಾಗೆ ಇದೂ ಗೊತ್ತಿತ್ತು. ಆ ಮಾತು ಅಜ್ಜಿಯ ವಶದಲ್ಲಿತ್ತು. ಹೇಳಲೇಬೇಕಾದಾಗ ಅವಳು, ಯಾವುದರ ಬಗ್ಗೆ ಹೇಳುತ್ತಿದ್ದಾಳೋ ಅದಕ್ಕೆ ಬೆನ್ನು ಮಾಡಿ, ನಾಲ್ಕು ಹೆಜ್ಜೆ ಆಚೆ ಹೋಗಿ, ದನಿ ತಗ್ಗಿಸಿ ಹೇಳುತ್ತಿದ್ದಳು. ಕೊಟ್ಟಿಗೆಯ ಕರು ಗೆಲುವಾಗಿದ್ದರೆ ಬಾವಿಕಟ್ಟೆಯ ಹತ್ತಿರ ಹೇಳುವಳು. ಹೊಲದ ಪೈರು ಗೆಲುವಾಗಿದ್ದರೆ ಮನೆಗೆ ಬಂದು ಕಾಲು ತೊಳೆದ ಮೇಲೆ. ಕಾಯಿಲೆ ಬಿಟ್ಟು ಎದ್ದ ಮಗು ಗೆಲುವಾಗಿದ್ದರೆ ಆ ಮಗು ನಿದ್ದೆ ಹೋದ ಮೇಲೆ. ದೃಷ್ಟಿಯ ಭಯ ಎಂದು ಈಗ ಸುಲಭವಾಗಿ ಹೇಳಿಬಿಡಬಹುದು. ಆಗ ನನಗೆ ಅನ್ನಿಸುತ್ತಿದ್ದದ್ದು ಬೇರೆ. ಆ ಮಾತಿಗೆ ನಾಚಿಕೆ ಜಾಸ್ತಿ, ಕೇಳಿಸಿಕೊಂಡರೆ ಎದ್ದು ಓಡಿಹೋಗುತ್ತದೆ ಅಂದುಕೊಂಡಿದ್ದೆ.

ಎಲ್ಲದಕ್ಕೂ ಅದು ಸಲ್ಲುತ್ತಲೂ ಇರಲಿಲ್ಲ. ಹೊಸದಾಗಿ ಹುಟ್ಟಿದ ಕರು ಎಷ್ಟೇ ನೆಗೆದಾಡಲಿ, ಅಜ್ಜಿಯ ಪಾಲಿಗೆ ಅದು ಬರೀ ಕರು. ಮಳೆಗೆ ನೆನೆದು, ಒಂದು ಹೊತ್ತು ಹಾಲು ಬಿಟ್ಟು, ಮೂಲೆಯಲ್ಲಿ ಮುದುರಿಕೊಂಡಿದ್ದು, ಮಾರನೆಯ ದಿನ ಎದ್ದು ತಾಯಿಯ ಕೆಚ್ಚಲಿಗೆ ಗುದ್ದಿದರೆ ಆಗ ಅದು ಗೆಲುವಾದ ಕರು. ಕಿತ್ತು ನೆಟ್ಟ ರಾಗಿ ಪೈರು ಮೊದಲು ಸೊರಗಿ ಮಲಗಬೇಕು, ಆಮೇಲೆ ತಲೆ ಎತ್ತಬೇಕು. ಒಮ್ಮೆ ಯಾರದೋ ಮದುವೆಯಲ್ಲಿ ಗಂಡಿನ ಕಡೆಯವರು ಕುಡಿದು ಕುಣಿಯುತ್ತಿದ್ದುದನ್ನು ನೋಡಿ ಅಮ್ಮ, ಎಷ್ಟು ಗೆಲುವಾಗಿದ್ದಾರೆ ಅಂದಳು. ಅಜ್ಜಿ ಎಲೆಅಡಿಕೆ ಜಗಿಯುವುದನ್ನು ನಿಲ್ಲಿಸಿದಳು.

“ಅದು ಗೆಲುವಲ್ಲ ಕಣಮ್ಮ, ಗಲಾಟೆ. ನಾಳೆ ಬೆಳಿಗ್ಗೆ ಬಂದು ನೋಡು, ಹೆಂಗ್ ಬಿದ್ದಿರ್ತಾರೆ ಅಂತ.”

ನಿಘಂಟು ಈ ಮಾತಿಗೆ ಉಲ್ಲಾಸ, ಲವಲವಿಕೆ ಎಂದೆಲ್ಲ ಅರ್ಥ ಕೊಡುತ್ತದೆ. ತಪ್ಪಲ್ಲ. ಆದರೆ ಉಲ್ಲಾಸಕ್ಕೆ ಹಿಂದಿನ ದಿನ ಬೇಕಿಲ್ಲ, ಅಜ್ಜಿಯ ಗೆಲುವಿಗೆ ಬೇಕಿತ್ತು. ಹೀಗೆ ಬರೆದ ತಕ್ಷಣ ನನಗೆ ಅನುಮಾನ ಬರುತ್ತದೆ. ಇಷ್ಟು ಅಚ್ಚುಕಟ್ಟಾದ ಅರ್ಥ ಅಜ್ಜಿಯದಲ್ಲ, ಇಷ್ಟು ವರ್ಷ ಕಳೆದು ಕನ್ನಡಕ ಹಾಕಿಕೊಂಡು ಕೂತಿರುವ ನನ್ನದು. ಅವಳಿಗೆ ಕೇಳಿಸಿದ್ದರೆ ‘ಏನೇನೋ ಬರೀತೀಯಲ್ಲೇ’ ಎಂದು ಎದ್ದು ಹೋಗುತ್ತಿದ್ದಳು. ಹಾಗಾಗಿ ಅರ್ಥವನ್ನು ಇಲ್ಲಿಗೆ ಬಿಟ್ಟು, ಆ ಮಾತು ಓಡಾಡುತ್ತಿದ್ದ ಮನೆಯ ಒಳಗೆ ಹೋಗುತ್ತೇನೆ.

ದೇವನಹಳ್ಳಿಯಿಂದ ಹತ್ತಿರದ ವಿಜಯಪುರದ ಕಡೆಗೆ ಹೋಗುವ ದಾರಿಯಲ್ಲಿ ಒಳಕ್ಕೆ ಇದ್ದ ಊರು ನಮ್ಮದು. ನಾಡಹೆಂಚಿನ ಮನೆ. ಮುಂದೆ ಜಗಲಿ, ಬಾಗಿಲು ದಾಟಿದರೆ ಎಡಕ್ಕೆ ದನದ ಕೊಟ್ಟಿಗೆ, ಎದುರಿಗೆ ನಡುಮನೆ, ಅದರ ಮಗ್ಗುಲಲ್ಲಿ ಅಡುಗೆಮನೆ, ಹಿಂದೆ ಹಿತ್ತಲು ಮತ್ತು ಬಾವಿ. ನಡುಮನೆ ಹೆಸರಿಗೆ ನಮ್ಮದು, ವರ್ಷದ ಬಹುಪಾಲು ಅದು ರೇಷ್ಮೆಹುಳುಗಳದು. ಬಿದಿರಿನ ದುಂಡು ತಟ್ಟೆಗಳು ಒಂದರ ಮೇಲೊಂದು ಅಟ್ಟಣಿಗೆಯಲ್ಲಿ ಸೂರಿನ ತನಕ ಏರುತ್ತಿದ್ದವು. ಇರುವೆ ಹತ್ತದಿರಲೆಂದು ಅಟ್ಟಣಿಗೆಯ ಕಾಲುಗಳನ್ನು ನೀರು ತುಂಬಿದ ಬೋಗುಣಿಗಳಲ್ಲಿ ಇಟ್ಟಿರುತ್ತಿದ್ದರು. ಹುಳು ಚಿಕ್ಕವಾಗಿದ್ದಾಗ ಅವುಗಳ ಜೊತೆ ಹೇಗೋ ಮಲಗುತ್ತಿದ್ದೆವು. ದೊಡ್ಡವಾದ ಮೇಲೆ ತಟ್ಟೆಗಳು ಹೆಚ್ಚಿ, ನಾವು ಚಾಪೆ ಸುತ್ತಿಕೊಂಡು ಜಗಲಿಗೆ ಬರುತ್ತಿದ್ದೆವು. ಅವು ಸೊಪ್ಪು ತಿನ್ನುವ ಸದ್ದು ಗೋಡೆಯಾಚೆಯಿಂದ ಕೇಳುತ್ತಿತ್ತು. ಒಳಗೆ ಯಾರೋ ಹೊಸ ಸೀರೆಗಳನ್ನು ಬಿಚ್ಚಿ ಬಿಚ್ಚಿ ಮಡಿಸುತ್ತಿರುವ ಹಾಗೆ. ಆ ಸದ್ದು ನಿಂತಿತೆಂದರೆ ಹುಳುಗಳಿಗೆ ಜ್ವರ ಬಂದಿದೆ ಎಂದರ್ಥ. ನಿಜವಾದ ಜ್ವರವಲ್ಲ. ಹುಳು ತನ್ನ ಬಾಳಿನಲ್ಲಿ ನಾಲ್ಕು ಸಲ ತಿನ್ನುವುದು ಬಿಟ್ಟು, ತಲೆ ಎತ್ತಿಕೊಂಡು ಅಲ್ಲಾಡದೆ ಕೂತು, ಹಳೆಯ ಚರ್ಮ ಕಳಚಿ ಹೊಸ ಮೈ ಪಡೆಯುತ್ತದೆ. ಅದನ್ನು ನಮ್ಮ ಕಡೆ ಜ್ವರ ಅನ್ನುತ್ತಾರೆ. ‘ಎರಡನೇ ಜ್ವರಕ್ಕೆ ಕೂತವೆ’, ‘ಮೂರನೇ ಜ್ವರ ಬಿಟ್ಟು ಎದ್ದವು’ ಎಂದು ಮನೆಯವರೆಲ್ಲ ಡಾಕ್ಟರುಗಳ ಹಾಗೆ ಮಾತಾಡುತ್ತಿದ್ದೆವು.

ಹುಳು ಮನೆಯಲ್ಲಿ ಇರುವಷ್ಟು ಕಾಲ ಮನೆಯ ಕಾನೂನೇ ಬೇರೆ. ಅಪ್ಪ ಬೀಡಿ ಸೇದಲು ಬೇಲಿಯಾಚೆ ಹೋಗಬೇಕು. ಊದಿನಕಡ್ಡಿ ಇಲ್ಲ, ಮಲ್ಲಿಗೆ ಹೂವು ಇಲ್ಲ, ಪೌಡರು ಇಲ್ಲ. ಯಾರೂ ಕಿರುಚಬಾರದು, ಬಂದ ನೆಂಟರು ಜಗಲಿಯಿಂದಲೇ ಹೋಗಬೇಕು. ಎಲ್ಲಕ್ಕಿಂತ ದೊಡ್ಡ ಕಾನೂನು, ಒಗ್ಗರಣೆ ಹಾಕಬಾರದು. ಘಾಟು ಹುಳುಗಳಿಗೆ ಆಗದು ಎಂದು ಅಜ್ಜಿಯ ನಂಬಿಕೆ. ಮೊಟ್ಟೆ ತಂದ ದಿನದಿಂದ ಗೂಡು ಬಿಡಿಸುವ ದಿನದವರೆಗೆ ನಮ್ಮ ಸಾರಿಗೆ ಸಾಸಿವೆ ಸಿಡಿದ ಸದ್ದು ಗೊತ್ತಿರಲಿಲ್ಲ. ಬೇಯಿಸಿದ್ದು, ರುಬ್ಬಿದ್ದು, ಕುದಿಸಿದ್ದು, ಅಷ್ಟೇ. ಗೂಡು ಮಾರುಕಟ್ಟೆಗೆ ಹೋದ ದಿನ ಅಮ್ಮ ದೊಡ್ಡ ಸೌಟಿನಲ್ಲಿ ಹುಚ್ಚೆಳ್ಳೆಣ್ಣೆ ಕಾಯಿಸಿ ಬೆಳ್ಳುಳ್ಳಿ ಹಾಕಿದರೆ ಬೀದಿಯೆಲ್ಲ ತಿಳಿಯುತ್ತಿತ್ತು, ಇವರ ಬೆಳೆ ಮುಗಿಯಿತು ಎಂದು. ನಮ್ಮ ಊರಿನಲ್ಲಿ ಒಳ್ಳೆಯ ಸುದ್ದಿಗೆ ಬೆಳ್ಳುಳ್ಳಿಯ ವಾಸನೆ ಇತ್ತು. ಈಗಲೂ ಎಲ್ಲಾದರೂ ಒಗ್ಗರಣೆಯ ಘಾಟಿಗೆ ಕೆಮ್ಮು ಬಂದರೆ ನನಗೆ ಕಾರಣವಿಲ್ಲದೆ ಖುಷಿಯಾಗುತ್ತದೆ.

ಇಂಥ ಮನೆಗೆ ಚಿಕ್ಕಮ್ಮ ಬಂದಳು. ಹೆಸರು ರಾಜಮ್ಮ, ಅಪ್ಪನ ತಮ್ಮನ ಹೆಂಡತಿ. ಚಿಕ್ಕಪ್ಪನಿಗೆ ಬೆಂಗಳೂರಿನ ಕಾರ್ಖಾನೆಯೊಂದರಲ್ಲಿ ಕೆಲಸ. ಅಲ್ಲೇ ರೂಮು ಮಾಡಿಕೊಂಡಿದ್ದು ಶನಿವಾರ ಸಂಜೆ ಬಂದು ಸೋಮವಾರ ನಸುಕಿಗೆ ಹೋಗುತ್ತಿದ್ದ. ಚಿಕ್ಕಮ್ಮನ ತವರು ಹೊಸಕೋಟೆಯಿಂದ ಆಚೆ. ಅವರದು ತರಕಾರಿ ತೋಟ. ಹುರುಳಿಕಾಯಿ, ಬದನೆ, ಮೆಣಸಿನಕಾಯಿ ಬೆಳೆದು ಗಾಡಿ ತುಂಬಿಸಿ ಸಂತೆಗೆ ಕಳಿಸುವವರು. ಒಬ್ಬರು ತೋಟದ ಈ ತುದಿಯಲ್ಲಿ, ಇನ್ನೊಬ್ಬರು ಆ ತುದಿಯಲ್ಲಿ ನಿಂತು ಅರ್ಧ ತೆಲುಗು ಅರ್ಧ ಕನ್ನಡದಲ್ಲಿ ಕೂಗಿಕೊಂಡೇ ಸಂಸಾರ ಮಾಡುವ ಜನ. ಹೆಣ್ಣು ನೋಡಲು ಹೋದಾಗ ಈ ಹುಡುಗಿ ತಾನೇ ಮಾಡಿದ ಉಪ್ಪಿಟ್ಟು ತಂದಿಟ್ಟಳಂತೆ. ನಮ್ಮ ಕಡೆಯ ಹಿರಿಯರೊಬ್ಬರಿಗೆ ಅದರ ಖಾರ ನೆತ್ತಿಗೇರಿ ಕಣ್ಣಲ್ಲಿ ನೀರು ಬಂತಂತೆ. ಹುಡುಗಿ ತಲೆ ತಗ್ಗಿಸುವುದು ಬಿಟ್ಟು ಗೊಳ್ಳನೆ ನಕ್ಕು, ನೀರಿನ ಚೊಂಬು ಕೊಟ್ಟು, “ನಮ್ಮನೇಲಿ ಮಕ್ಳು ತಿನ್ನೋ ಖಾರ ಇದು” ಅಂದಳಂತೆ. ಬಸ್ಸಿನಲ್ಲಿ ವಾಪಸು ಬರುವಾಗ, ಆ ಊರು ಹಿಂದೆ ಬಿದ್ದ ಮೇಲೆ, ಅಜ್ಜಿ ಅಮ್ಮನ ಕಿವಿಯಲ್ಲಿ ಹೇಳಿದಳು.

“ಹುಡ್ಗಿ ಗೆಲುವಾಗವ್ಳೆ.”

ಒಂದು ದಿನವೂ ಹಾಸಿಗೆ ಹಿಡಿಯದ ಜೀವದ ಬಗ್ಗೆ ಅಜ್ಜಿ ಆ ಮಾತು ಆಡಿದ್ದು ಅದೇ ಮೊದಲು ಎಂದು ಅಮ್ಮ ಎಷ್ಟೋ ವರ್ಷ ಹೇಳುತ್ತಿದ್ದಳು.

ಮೊದಲ ವರ್ಷ ಚಿಕ್ಕಮ್ಮ ಮನೆಯನ್ನು ತನ್ನ ತೋಟದ ಹಾಗೆ ಮಾಡಿಕೊಂಡಿದ್ದಳು. ಹಿತ್ತಲಿಂದ ಜಗಲಿಯಲ್ಲಿದ್ದ ನನ್ನನ್ನು ಕೂಗುವಳು. ದನಗಳ ಜೊತೆ ತೆಲುಗಿನಲ್ಲಿ ಜಗಳ ಆಡುವಳು. ಅಪ್ಪ ಅಷ್ಟಕ್ಕಷ್ಟೇ ಮಾತಿನ ಮನುಷ್ಯ, ಅವನನ್ನೂ ಬಿಡುತ್ತಿರಲಿಲ್ಲ. “ಭಾವ, ನೀವು ನಕ್ಕರೆ ಹೆಂಚು ಬೀಳುತ್ತಾ?” ಅನ್ನುವಳು. ಅಪ್ಪ ಬೀಡಿ ಇಲ್ಲದಿದ್ದರೂ ಬೇಲಿಯಾಚೆ ಹೋಗಿ ನಕ್ಕು ಬರುತ್ತಿದ್ದ. ಆದರೆ ಒಂದು ಬೆಳೆ ಮುಗಿದು ಇನ್ನೊಂದು ಬೆಳೆ ಬರುತ್ತಿತ್ತು, ಪ್ರತಿ ಬೆಳೆಗೂ ಕಾನೂನು ಬರುತ್ತಿತ್ತು. ಕೂಗಬೇಡ. ಹೂವು ಮುಡಿಯಬೇಡ. ಅದು ಹುರಿಯಬೇಡ, ಇದು ಬಾಡಿಸಬೇಡ. ಯಾರೂ ಗದರಿಸಿ ಹೇಳಿದ್ದಲ್ಲ, ಸನ್ನೆಯಲ್ಲಿ, ತುಟಿಯ ಮೇಲೆ ಬೆರಳಿಟ್ಟು ಹೇಳಿದ್ದು. ಎರಡನೆಯ ವರ್ಷದ ಯುಗಾದಿ ಹೊತ್ತಿಗೆ ಚಿಕ್ಕಮ್ಮ ಸಪ್ಪಗಾಗಿದ್ದಳು. ಇಂಥ ದಿನದಿಂದ ಎಂದು ಹೇಳಲಾರೆ. ಒಂದು ದಿನ ಅವಳು ನನ್ನನ್ನು ಕರೆಯಲು ಹಿತ್ತಲಿಂದ ಜಗಲಿಗೆ ನಡೆದು ಬಂದು, ಭುಜ ಮುಟ್ಟಿ, “ಪುಟ್ಟಿ, ನೀರು ಕಾದೈತೆ” ಅಂದಳು. ಅಷ್ಟು ಹತ್ತಿರದಿಂದ ಅವಳ ದನಿ ಕೇಳಿ ನನಗೆ ಭಯವಾಯಿತು.

ಇದೇ ಕಾಲದಲ್ಲಿ ಶಾಲೆಯಲ್ಲಿ ಮೇಷ್ಟರು ಕೆಲವು ಮಾತು ಕೊಟ್ಟು, ಅರ್ಥ ಬರೆದು ಸ್ವಂತ ವಾಕ್ಯದಲ್ಲಿ ಬಳಸಿ ಎಂದಿದ್ದರು. ಅದರಲ್ಲಿ ‘ಗೆಲುವಾದ’ ಒಂದು. ನಾನು ಹಿಂದೆಮುಂದೆ ನೋಡದೆ ‘ಗೆಲುವಾದ ಹುಳು ಸೊಪ್ಪಿಗೆ ಬಾಯಿ ಹಾಕುತ್ತದೆ’ ಎಂದು ಬರೆದೆ. ಮೇಷ್ಟರು ಒಳ್ಳೆಯವರು, ನಕ್ಕರು.

“ಸರಿಯಾಗೇ ಇದೆ ಕಣಮ್ಮ. ಆದ್ರೆ ಒಂದು ಮನುಷ್ಯರನ್ನ ಇಟ್ಕೊಂಡು ಬರ್ಕೊಂಡ್ ಬಾ. ನಿಮ್ಮನೇಲಿ ಮನುಷ್ಯರೂ ಇದಾರಲ್ಲ?”

ಇದ್ದರು. ನಾನು ಮನೆಗೆ ಬಂದು ಒಬ್ಬೊಬ್ಬರನ್ನೇ ನೋಡಿದೆ. ಅಪ್ಪ ಆಗುವುದಿಲ್ಲ. ಅಮ್ಮನಿಗೆ ಸದಾ ಕೆಲಸ. ಅಣ್ಣ ಬರೀ ಗಲಾಟೆ. ಆ ಮಾತಿಗೆ ಅಳತೆ ಕೊಟ್ಟು ಹೊಲಿಸಿದ ಹಾಗಿದ್ದವಳು ಚಿಕ್ಕಮ್ಮ ಒಬ್ಬಳೇ, ಅವಳು ಕಿಟಕಿಯ ಪಕ್ಕ ಮೊಣಕಾಲಿಗೆ ಗಲ್ಲ ಊರಿ ಕೂತಿದ್ದಳು. ವಾಕ್ಯ ಬರೆಯದೆ ಬಿಟ್ಟೆ. ಮೇಷ್ಟರು ಮತ್ತೆ ಕೇಳಲಿಲ್ಲ. ಆದರೆ ಬರೆಯಬೇಕಾದ ವಾಕ್ಯ ಬಾಕಿ ಇದೆ ಅನ್ನುವ ಒಂದು ಸಂಕಟ ನನ್ನ ಜೊತೆ ಮನೆಯಲ್ಲಿ ಓಡಾಡತೊಡಗಿತು.

ಮನೆಯವರು ಸುಮ್ಮನೆ ಇರಲಿಲ್ಲ. ಎಲ್ಲರಿಗಿಂತ ಮೊದಲು ಗಮನಿಸಿದವಳು ಅಜ್ಜಿ. ಅವಳಿಗೆ ಸೊಸೆಯ ಮೇಲೆ ಪ್ರೀತಿ ಇತ್ತು ಅನ್ನುವುದರಲ್ಲಿ ನನಗೆ ಸಂಶಯವಿಲ್ಲ. ಆ ಪ್ರೀತಿಗೆ ಗೊತ್ತಿದ್ದ ವೈದ್ಯ ಮಾತ್ರ ಒಂದೇ. ಜ್ವರಕ್ಕೆ ಕೂತ ಹುಳುವನ್ನು ಮುಟ್ಟಬಾರದು, ತಟ್ಟೆ ಅಲ್ಲಾಡಿಸಬಾರದು, ಹತ್ತಿರ ನಿಂತು ಮಾತಾಡಬಾರದು. ಗಾಳಿ ಬೆಳಕು ನೋಡಿಕೊಂಡು ಅದರ ಪಾಡಿಗೆ ಬಿಟ್ಟರೆ ಅದೇ ಚರ್ಮ ಕಳಚಿ ಏಳುತ್ತದೆ. ಅಜ್ಜಿ ಒಂದು ಬೆಳಿಗ್ಗೆ ಎಲ್ಲರನ್ನೂ ಬಾವಿಯ ಹತ್ತಿರ ಕರೆದಳು.

“ರಾಜಮ್ಮ ಕೂತವ್ಳೆ. ಯಾರೂ ಕೆಣಕ್ಬೇಡ್ರಿ. ಕೆಲ್ಸ ಹೇಳ್ಬೇಡ್ರಿ. ಅವ್ಳ ಪಾಡಿಗೆ ಬಿಡ್ರಿ, ಎದ್ದೇಳ್ತಾಳೆ.”

ಅಂದಿನಿಂದ ನಮ್ಮ ಮನೆ ಚಿಕ್ಕಮ್ಮನನ್ನು ಅಲ್ಲಾಡಿಸದ ಹಾಗೆ ನೋಡಿಕೊಂಡಿತು. ಕಿಟಕಿಯ ಗಾಳಿ ಬರುವ ಜಾಗ ಅವಳಿಗೆ ಬಿಟ್ಟುಕೊಟ್ಟರು. ಅಮ್ಮ ಅವಳ ಮುಂದೆ ಮುದ್ದೆ, ಸಾರು ಇಟ್ಟು ಹಿಮ್ಮಡಿ ಊರದೆ ವಾಪಸು ಬರುವಳು. ಅಪ್ಪ ಅವಳು ಕಂಡರೆ ಕೆಮ್ಮನ್ನೂ ನುಂಗುವನು. ಬುಗುರಿ ಆಡಿ ಸದ್ದು ಮಾಡಿದ್ದಕ್ಕೆ ಅಣ್ಣನಿಗೆ ಏಟು ಬಿತ್ತು. ಸೊಪ್ಪು ಕೊಯ್ಯಲು ಅವಳು ಕುಕ್ಕೆ ತೆಗೆದುಕೊಂಡು ಬಂದರೆ ಅಜ್ಜಿ ಮಾತಿಲ್ಲದೆ ಅದನ್ನು ಅವಳ ಕೈಯಿಂದ ಇಳಿಸಿ ಕಿಟಕಿಯ ಕಡೆ ತೋರಿಸುವಳು. ಇದೆಲ್ಲ ನಮಗೆ ಉಪಚಾರ. ಚಿಕ್ಕಮ್ಮನಿಗೆ ಹೇಗೆ ಕಂಡಿತು ಎಂದು ಯಾರೂ ಕೇಳಲಿಲ್ಲ, ಕೇಳಬಾರದು ಎಂದಲ್ಲವೇ ಅಪ್ಪಣೆ? ಕಂಡವರನ್ನೆಲ್ಲ ಕೂಗಿ ಮಾತಾಡಿಸುವ ಮನೆಯಲ್ಲಿ ಬೆಳೆದವಳು ಅವಳು. ಅವಳ ತವರಿನಲ್ಲಿ ಒಬ್ಬರ ಜೊತೆ ಮಾತು ಬಿಟ್ಟರೆ ಅದಕ್ಕೆ ಒಂದೇ ಅರ್ಥ.

ಆ ಬೆಳೆ ನಾಲ್ಕನೇ ಜ್ವರಕ್ಕೆ ಕೂತದ್ದು ಶನಿವಾರ. ನನಗೆ ಶಾಲೆ ಅರ್ಧ ದಿನ. ನಾಲ್ಕನೆಯದು ಕೊನೆಯ ಜ್ವರ, ಅತಿ ನಾಜೂಕಿನದು. ಅದು ಬಿಟ್ಟು ಏಳದಿದ್ದರೆ ಅಷ್ಟು ದಿನದ ಸೊಪ್ಪು, ಶ್ರಮ ಎಲ್ಲ ತಿಪ್ಪೆಗೆ. ಆದರೆ ಜ್ವರದ ದಿನ ಸೊಪ್ಪು ಹಾಕುವಂತಿಲ್ಲವಾದ್ದರಿಂದ ಮನೆಯವರಿಗೆ ಬಿಡುವು. ಅಪ್ಪ ದೇವನಹಳ್ಳಿಗೆ ಹೋಗಿದ್ದ. ಅಮ್ಮ ಅಣ್ಣನ ತಲೆಯ ಮೇಲೆ ಬಟ್ಟೆಗಂಟು ಹೊರಿಸಿಕೊಂಡು ಕುಂಟೆಯ ನೀರಿನಲ್ಲಿ ಒಗೆಯಲು ಹೋಗಿದ್ದಳು. ಅಜ್ಜಿ ಜಗಲಿಯಲ್ಲಿ ಸೆರಗು ಮುಖಕ್ಕೆ ಹೊದ್ದು ಮಲಗಿದ್ದಳು. ಚಿಕ್ಕಪ್ಪನಿಗೆ ಆ ವಾರ ರಾತ್ರಿ ಪಾಳಿ, ಬರುವುದಿಲ್ಲವೆಂದು ಊರಿನ ಯಾರ ಹತ್ತಿರವೋ ಹೇಳಿಕಳಿಸಿದ್ದ. ನಾನು ಒಳಗೆ ಹೋದರೆ ಚಿಕ್ಕಮ್ಮನ ತಗಡಿನ ಟ್ರಂಕು ಮಂಚದ ಕೆಳಗಿನಿಂದ ಈಚೆಗೆ ಬಂದಿತ್ತು. ಅವಳು ಸೀರೆ ಮಡಿಸುತ್ತಿದ್ದಳು.

“ಎಲ್ಲಿಗೆ ಚಿಕ್ಕಮ್ಮ?”

“ನಾಳೆ ಬೆಳಿಗ್ಗೆ ಮೊದಲ್ನೇ ಬಸ್ಸಿಗೆ ಹೋಗ್ಬಿಡ್ತೀನಿ ಕಣೇ ಪುಟ್ಟಿ. ಸೂಲಿಬೆಲೆ ಮೇಲೆ ಹೋಗುತ್ತಲ್ಲ, ಅದಕ್ಕೆ.”

“ವಾಪಸ್ ಯಾವಾಗ ಬರ್ತೀಯ?”

ಅವಳು ಟ್ರಂಕಿನ ಮುಚ್ಚಳ ಹಾಕಿ ಅದರ ಮೇಲೆ ಕೂತು ಸುತ್ತ ನೋಡಿದಳು. ಆಮೇಲೆ ಎದ್ದು ಅಡುಗೆಮನೆಗೆ ಹೋದಳು. ಬೆಳಗಿನ ಹುರುಳಿಕಾಳಿನ ಸಾರು ಮಡಕೆಯಲ್ಲಿ ತಣ್ಣಗಿತ್ತು. ಅವಳು ಅದರಲ್ಲಿ ಬೆರಳದ್ದಿ ನಾಲಿಗೆಗೆ ಇಟ್ಟುಕೊಂಡು ಮುಖ ಕಿವುಚಿದಳು. ಒಲೆಗೆ ಎರಡು ಕಡ್ಡಿ ತುರುಕಿ, ಸೌಟನ್ನು ಬೆಂಕಿಗೆ ಹಿಡಿದು, ಎಣ್ಣೆ ಹೊಯ್ದಳು. ಬೆಳ್ಳುಳ್ಳಿ ಜಜ್ಜಿದಳು. ನನಗೆ ಅರ್ಥವಾಗಿ, ಬಾಯಿಂದ ಮಾತು ಹೊರಡುವಷ್ಟರಲ್ಲಿ ಸಾಸಿವೆ ಸಿಡಿಯಿತು. ಒಣಮೆಣಸಿನಕಾಯಿ ಒಂದು ಹಿಡಿ. ಸೌಟನ್ನು ಹಾಗೇ ಸಾರಿನೊಳಗೆ ಅದ್ದಿದಳು. ಆ ಸದ್ದು, ಆ ಹೊಗೆ! ಒಂದು ಗಳಿಗೆಯಲ್ಲಿ ಅಡುಗೆಮನೆ ಕಾಣಲಿಲ್ಲ.

“ಯಾರೇ ಅದು!” ಜಗಲಿಯಿಂದ ಅಜ್ಜಿಯ ಕೂಗು. ಹುಳು ಮನೆಯಲ್ಲಿದ್ದಾಗ ಅವಳು ಕೂಗಿದ್ದನ್ನು ನಾನು ಕೇಳಿಯೇ ಇರಲಿಲ್ಲ. “ಬಾಗ್ಲು! ನಡುಮನೆ ಬಾಗ್ಲು ಹಾಕ್ರೇ!”

ಬಾಗಿಲು ಹಾಕಿದವಳು ಚಿಕ್ಕಮ್ಮ. ಇದು ನನಗೆ ಚೆನ್ನಾಗಿ ನೆನಪಿದೆ, ಅಥವಾ ಇದು ಹೀಗೆಯೇ ಇರಲಿ ಎಂದು ನನಗೆ ಆಸೆ ಇದೆ. ಘಾಟು ತಾನು ನೆನೆಸಿದ್ದಕ್ಕಿಂತ ಜೋರಾಯಿತೆಂದು ಕಂಡೊಡನೆ ಅವಳು ಮಡಕೆ ಬಿಟ್ಟು ಓಡಿ, ನಡುಮನೆಯ ಬಾಗಿಲು ಎಳೆದು, ಗೋಣಿಚೀಲ ನೀರಿಗೆ ಅದ್ದಿ ಸಂದಿಗೆ ತುರುಕಿದಳು. ಅಜ್ಜಿ ಇನ್ನೊಂದು ಚೀಲ ತಂದಳು. ನಾನು ಮೊರ ಹಿಡಿದು ಹೊಗೆಯನ್ನು ಹಿತ್ತಲ ಕಡೆ ಬೀಸಿದೆ. ಮೂವರೂ ಕೆಮ್ಮುತ್ತ, ಕಣ್ಣು ಮೂಗು ಸೋರುತ್ತ ಹಿತ್ತಲಿಗೆ ಬಂದು ಬಿದ್ದೆವು. ಗೋಡೆಯಾಚೆಯಿಂದ ಪಕ್ಕದ ಮನೆಯ ಪಿಳ್ಳಮ್ಮ ಇಣುಕಿದಳು.

“ಏನ್ರಮ್ಮಾ, ಆಗ್ಲೇ ಗೂಡಾಯ್ತಾ? ಒಳ್ಳೇ ಒಗ್ಗರಣೆ ವಾಸ್ನೆ!”

ಅಜ್ಜಿ ಅವಳ ಕಡೆ ನೋಡಲೇ ಇಲ್ಲ.

“ಮೈಮೇಲೆ ಪ್ರಜ್ಞೆ ಐತೇನೇ ನಿಂಗೆ? ನಾಲ್ಕನೇ ಜ್ವರದಲ್ಲಿ ಒಗ್ಗರಣೆನಾ? ನಾಲ್ಕನೇ ಜ್ವರದಲ್ಲಿ!”

“ಹೂಂ ಅತ್ತಮ್ಮಾ, ಒಗ್ಗರಣೆ! ಬೈರಿ! ಇನ್ನೂ ಜೋರಾಗಿ ಬೈರಿ! ಈ ಮನೇಲಿ ಒಂದು ಮಾತಾದ್ರೂ ಕಿವಿಗೆ ಬಿತ್ತಲ್ಲ, ಅಷ್ಟೇ ಸಾಕು ನಂಗೆ!”

“ಏನಂದೆ?”

“ಯುಗಾದಿಯಿಂದ ಯಾರು ಮಾತಾಡ್ಸಿದೀರಿ ನನ್ನ? ಸಾರಿಟ್ಟು ಓಡೋಗ್ತೀರ. ಕುಕ್ಕೆ ಮುಟ್ಟಿದ್ರೆ ಕಿತ್ಕೊಂತೀರ. ನಾನು ಬಂದ್ರೆ ಭಾವ ಎದ್ದೋಗ್ತಾರೆ. ಬೇಡ ಅಂದ್ರೆ ಬೇಡ ಅಂತ ಬಾಯಿಬಿಟ್ಟು ಹೇಳ್ರಿ. ನಮ್ಮಪ್ಪನ ಮನೆ ಬಾಗ್ಲು ತೆಗ್ದೇ ಐತೆ!”

“ಬೇಡ ಅಂತ ಯಾರೇ ಅಂದ್ರು ನಿಂಗೆ? ಜ್ವರಕ್ಕೆ ಕೂತೋರ್ನ ಮಾತಾಡಿಸ್ತಾರೇನೇ ಯಾರಾದ್ರೂ?”

“ಯಾರಿಗೆ ಜ್ವರ?”

“ನಿಂಗೆ!”

ಚಿಕ್ಕಮ್ಮ ಅಜ್ಜಿಯ ಮುಖ ನೋಡಿದಳು. ಮೂಗು ಒರೆಸಿಕೊಂಡಳು. ಏನು ನಡೆದಿದೆ ಎಂಬುದು ನಿಧಾನವಾಗಿ ಅವಳ ಮುಖಕ್ಕೆ ಬರುವುದನ್ನು ನಾನು ನೋಡಿದೆ.

“ನಾನೇನ್ ಹುಳಾನಾ ಅತ್ತಮ್ಮಾ?”

ಅಷ್ಟರಲ್ಲಿ ಅಮ್ಮ ಒದ್ದೆ ಬಟ್ಟೆಯ ಗಂಟು ಹೊತ್ತು ಹಿತ್ತಲ ಬಾಗಿಲಿಗೆ ಬಂದಿದ್ದಳು. ಕೊನೆಯ ಮಾತು ಮಾತ್ರ ಅವಳ ಕಿವಿಗೆ ಬಿದ್ದದ್ದು. ಅವಳಿಗೆ ತಡೆಯಲಾಗಲಿಲ್ಲ, ಗಂಟು ನೆಲಕ್ಕೆ ಹಾಕಿ ಅದರ ಮೇಲೇ ಕೂತು ನಗತೊಡಗಿದಳು. ಅಣ್ಣ ನಕ್ಕ. ಗೋಡೆಯಾಚೆಯ ಪಿಳ್ಳಮ್ಮನಿಗೆ ಏನೂ ತಿಳಿಯದಿದ್ದರೂ ಅವಳೂ ನಕ್ಕಳು. ಅಜ್ಜಿ ನಗಲಿಲ್ಲ. ಬಾವಿಕಟ್ಟೆಗೆ ಒರಗಿ ನಿಂತು, ಕೈಯನ್ನು ಹೀಗೆ ಎತ್ತಿ, ಬಿಟ್ಟಳು.

“ನಂಗೆ ಇನ್ನೇನ್ ಗೊತ್ತಮ್ಮ? ನಂಗೆ ಗೊತ್ತಿರೋದು ಅದೊಂದೆಯಾ.”

ಇದಾದ ಮೇಲೆ ಎಲ್ಲವೂ ಸರಿಹೋಯಿತು ಎಂದು ಬರೆಯಬಹುದು, ಆದರೆ ಹಾಗೆ ಆಗಲಿಲ್ಲ. ಒಳಗೆ ಹುಳುಗಳು ತಲೆ ಎತ್ತಿಕೊಂಡು ಕೂತೇ ಇದ್ದವು. ಅವು ಸತ್ತಿದ್ದರೂ ಹಾಗೆಯೇ ಕಾಣುತ್ತಿದ್ದವು. ಸಂಜೆ ಅಪ್ಪ ಬಂದ, ಮೂಗೆತ್ತಿ ಗಾಳಿ ಮೂಸಿದ, ಎಲ್ಲರ ಮುಖ ನೋಡಿದ, ಬೇಲಿಯಾಚೆ ಹೋದ. ಆ ಸಾರನ್ನು ಎಲ್ಲರೂ ಉಂಡೆವು. ಹಾಳಾದದ್ದು ಹಾಳಾಯಿತು, ಸಾರು ಯಾಕೆ ಚೆಲ್ಲಬೇಕು ಎಂದು ಅಜ್ಜಿಯೇ ಬಡಿಸಿದಳು. ತಾನು ಎರಡು ಸಲ ಹಾಕಿಸಿಕೊಂಡಳು. ಚಿಕ್ಕಮ್ಮನ ಟ್ರಂಕು ಮಂಚದ ಕೆಳಗೆ ವಾಪಸು ಹೋಗಲಿಲ್ಲ. ಅದನ್ನು ಯಾರೂ ಮುಟ್ಟಲಿಲ್ಲ, ಯಾರೂ ಅದರ ಬಗ್ಗೆ ಕೇಳಲಿಲ್ಲ. ನನಗೆ ಮಾತ್ರ ಬಸ್ಸಿನ ವಿಷಯ ಗೊತ್ತಿತ್ತು. ನಾನು ಅಮ್ಮನಿಗೆ ಹೇಳಿದೆ. ಅಮ್ಮ ಅಜ್ಜಿಗೆ ಹೇಳಿದಳು.

ಬೆಳಿಗ್ಗೆ ನಾನು ಏಳುವಷ್ಟರಲ್ಲಿ ಚಿಕ್ಕಮ್ಮ ಸ್ನಾನ ಮಾಡಿ ಒಳ್ಳೆಯ ಸೀರೆ ಉಟ್ಟಿದ್ದಳು. ಟ್ರಂಕು ಜಗಲಿಗೆ ಬಂದಿತ್ತು. ಅವಳು ಅದನ್ನು ಎತ್ತಿಕೊಂಡು ಹೊರಡುವವಳು, ನಡುಮನೆಯ ಬಾಗಿಲ ಹತ್ತಿರ ನಿಂತಳು.

“ಹುಳ ನೋಡ್ಕೊಂಡೇ ಹೋಗ್ತೀನಿ. ಏಳ್ದಿದ್ರೆ ನನ್ ಮೇಲೆ ಬರುತ್ತೆ.”

“ಬರುತ್ತೆ” ಅಂದಳು ಅಜ್ಜಿ. “ನಿಂತ್ಕೋ.”

ಎಲ್ಲರೂ ಒಳಗೆ ನಿಂತೆವು. ಒದ್ದೆ ಗೋಣಿಯ ವಾಸನೆ, ಹಳೆಯ ಸೊಪ್ಪಿನ ವಾಸನೆ, ಅದರ ಅಡಿಯಲ್ಲಿ ಎಲ್ಲೋ ತೆಳ್ಳಗೆ ಬೆಳ್ಳುಳ್ಳಿ. ಹುಳು ಎದ್ದಿದೆಯೋ ಇಲ್ಲವೋ ತಿಳಿಯಲು ಅಜ್ಜಿಗೆ ಒಂದೇ ಉಪಾಯ ಗೊತ್ತಿತ್ತು, ಮುಂದೆ ಒಂದು ಎಲೆ ಇಟ್ಟು ನೋಡುವುದು. ಅಂದು ಅವಳು ಆ ಎಲೆಯನ್ನು ಚಿಕ್ಕಮ್ಮನ ಕೈಗೆ ಕೊಟ್ಟಳು. ಚಿಕ್ಕಮ್ಮ ಸೆರಗು ಸಿಕ್ಕಿಸಿ, ಬಗ್ಗಿ, ಕೆಳಗಿನ ತಟ್ಟೆಯಲ್ಲಿ ಇಟ್ಟಳು. ಏನೂ ಆಗಲಿಲ್ಲ. ದೂರದ ರಸ್ತೆಯಿಂದ ಬಸ್ಸಿನ ಹಾರನ್ನು ಕೇಳಿಸಿತು. ಮೊದಲ ಸಲ ಬಾರಿಸಿದರೆ ಬೂದಿಹಾಳದ ತಿರುವಿನಲ್ಲಿ, ಎರಡನೆಯ ಸಲ ಬಾರಿಸಿದರೆ ಬಸ್ಸು ನಿಲ್ಲುವ ನಮ್ಮ ಊರಿನ ಗೇಟಿನಲ್ಲಿ ಎಂದು ಎಲ್ಲರಿಗೂ ಗೊತ್ತಿತ್ತು. ಚಿಕ್ಕಮ್ಮ ಎಲೆಯಿಂದ ಕಣ್ಣು ತೆಗೆಯಲಿಲ್ಲ. ಒಂದು ಹುಳು ತಲೆಯನ್ನು ಆ ಕಡೆ ತೂಗಿತು, ಈ ಕಡೆ ತೂಗಿತು. ಎಲೆಯ ಅಂಚಿಗೆ ಬಾಯಿ ಹಾಕಿತು. ಅದರ ಪಕ್ಕದ್ದು. ಅದರ ಪಕ್ಕದ್ದು. ಎರಡನೆಯ ಹಾರನ್ನು ಬಾರಿಸಿದಾಗ ಚಿಕ್ಕಮ್ಮ ಸೊಂಟದ ಮೇಲೆ ಕೈಯಿಟ್ಟುಕೊಂಡು ಅರಚಿದಳು.

“ಏನ್ ನೋಡ್ಕೊಂಡ್ ನಿಂತಿದೀರ ಎಲ್ರೂ? ಸೊಪ್ಪು ತರ್ರೀ!”

ಒಳ್ಳೆಯ ಸೀರೆಯಲ್ಲೇ ಅವಳು ಮಧ್ಯಾಹ್ನದ ತನಕ ಸೊಪ್ಪು ಹಾಕಿದಳು. ಯಾರೂ ತುಟಿಯ ಮೇಲೆ ಬೆರಳಿಡಲಿಲ್ಲ. ಒಳಗೆ ಸೀರೆ ಬಿಚ್ಚಿ ಮಡಿಸುವ ಸದ್ದು ಶುರುವಾಗಿ ದೊಡ್ಡದಾಗುತ್ತ ಹೋಯಿತು. ಅಜ್ಜಿ ಹಿತ್ತಲಿಗೆ ಬಂದು, ಮನೆಗೆ ಬೆನ್ನು ಮಾಡಿ, ನೀರು ಸೇದುತ್ತಿದ್ದ ಅಮ್ಮನ ಹತ್ತಿರ ತಗ್ಗಿದ ದನಿಯಲ್ಲಿ “ಗೆಲುವಾದ್ಳು” ಅಂದಳು. ನಾನು ಅಲ್ಲಿದ್ದೆ, ಕೇಳಿದ್ದೇನೆ. ಅಣ್ಣ ಒಪ್ಪುವುದಿಲ್ಲ. ಅಜ್ಜಿ ಅಂದು ಹಿತ್ತಲಿಗೆ ಹೋದದ್ದು ವಾಂತಿ ಮಾಡಲು, ಹಿಂದಿನ ದಿನದ ಖಾರ ಅವಳಿಗೆ ಆಗಿರಲಿಲ್ಲ, ಅವಳು ಏನೂ ಹೇಳಲಿಲ್ಲ ಎಂದು ಅವನು ಹೇಳುತ್ತಾನೆ. ಇಬ್ಬರ ಮಾತೂ ನಿಜವಿರಬಹುದು. ಟ್ರಂಕಿನ ಬಗ್ಗೆಯೂ ಅವನದು ತಕರಾರು. ತಟ್ಟೆಗಳಿಗೆ ಜಾಗ ಬೇಕೆಂದು ಎಲ್ಲರ ಟ್ರಂಕುಗಳೂ ಆಗ ಜಗಲಿಯಲ್ಲೇ ಇರುತ್ತಿದ್ದವಂತೆ.

ಒಂದು ವಿಷಯದಲ್ಲಿ ನಮ್ಮಿಬ್ಬರಿಗೂ ತಕರಾರಿಲ್ಲ, ಅದನ್ನು ಕಣ್ಣಾರೆ ಎಷ್ಟೋ ವರ್ಷ ನೋಡಿದ್ದೇವೆ. ಆ ಗೂಡು ಮಾರುಕಟ್ಟೆಗೆ ಹೋದ ವಾರವೇ ಅಪ್ಪ ಹಿತ್ತಲ ಕೊನೆಯಲ್ಲಿ, ಬಾವಿಯಿಂದಲೂ ಆಚೆ, ನಾಲ್ಕು ಕಂಬ ನೆಟ್ಟು ತೆಂಗಿನಗರಿ ಹೊದಿಸಿ ಒಂದು ಒಲೆ ಹಾಕಿಕೊಟ್ಟ. ಗಾಳಿ ಮನೆಯ ಕಡೆ ಬೀಸದ ಜಾಗ ನೋಡಲು ಅಜ್ಜಿ ಮೂರು ದಿನ ಸಂಜೆ ಒಂದು ಹಿಡಿ ಹೊಟ್ಟು ಹಿಡಿದು ಹಿತ್ತಲೆಲ್ಲ ತೂರಿಕೊಂಡು ತಿರುಗಿದಳು. ಅದಕ್ಕೆ ಒಗ್ಗರಣೆಮನೆ ಎಂದು ಹೆಸರಾಯಿತು. ಅಲ್ಲಿ ಚಿಕ್ಕಮ್ಮನ ರಾಜ್ಯ. ಹುಳು ಯಾವ ಜ್ವರದಲ್ಲೇ ಇರಲಿ, ಸಾರಿನ ಮಡಕೆ ಅಲ್ಲಿಗೆ ಹೋಗಿ ಘಮಘಮಿಸಿಕೊಂಡು ವಾಪಸು ಬರುತ್ತಿತ್ತು. ಅಲ್ಲಿ ಕೂಗಬಹುದು, ನಗಬಹುದು, ಮಲ್ಲಿಗೆ ಮುಡಿಯಬಹುದು. ನೋಡನೋಡುತ್ತ ಬೀದಿಯ ಹೆಂಗಸರೂ ತಮ್ಮ ಮಡಕೆ ಹಿಡಿದು ಬರತೊಡಗಿದರು. ಅಜ್ಜಿಯೂ ಸಂಜೆ ಹೊತ್ತು ಎಲೆಅಡಿಕೆ ಚೀಲ ಹಿಡಿದು ಅಲ್ಲಿಗೇ ಹೋಗಿ ಕೂರುವಳು. ನನ್ನ ಬಾಲ್ಯ ಎಂದರೆ ನನಗೆ ಮೊದಲು ಕಾಣುವುದು ಮನೆಯಲ್ಲ, ಆ ಗರಿಯ ಮರೆ. ಅಲ್ಲಿ ಕೆಮ್ಮುತ್ತ ಕೂತು ನಾನು ಬೈಗುಳ ಕಲಿತೆ, ತೆಲುಗು ಕಲಿತೆ, ಪ್ರೀತಿ ಇದ್ದರೂ ಬಾಯಿಬಿಟ್ಟು ಹೇಳಬೇಕಾಗುತ್ತದೆ ಎಂಬುದನ್ನೂ ಅಲ್ಲೇ ಎಲ್ಲೋ ಕಲಿತಿರಬೇಕು.

ಹುಳು ಎದ್ದ ಮಾರನೆಯ ದಿನ, ಸೋಮವಾರ, ಶಾಲೆಯಲ್ಲಿ, ಯಾರೂ ಕೇಳದಿದ್ದರೂ, ಬಾಕಿ ವಾಕ್ಯ ಬರೆದೆ. ‘ನಮ್ಮ ಚಿಕ್ಕಮ್ಮ ಗೆಲುವಾದ ಹೆಂಗಸು.’ ಬರೆಯುವ ಮುಂಚೆ ಎದ್ದು, ಮಣೆ ತಿರುಗಿಸಿ, ನಮ್ಮ ಮನೆಯ ಕಡೆಗೆ ಬೆನ್ನು ಮಾಡಿ ಕೂತೆ.

ಚಿಕ್ಕಮ್ಮ ಈಗ ಹೊಸಕೋಟೆಯಲ್ಲಿ ಮಗಳ ಮನೆಯಲ್ಲಿದ್ದಾಳೆ. ಕಿವಿ ಮಂದವಾಗಿರುವುದರಿಂದ ಅವಳ ದನಿ ಇನ್ನಷ್ಟು ದೊಡ್ಡದಾಗಿದೆ. ಇದನ್ನು ಬರೆಯುತ್ತ ಒಂದು ಕಡೆ ನಿಂತುಹೋಗಿ, ಅವಳಿಗೆ ಫೋನು ಮಾಡಿ ಕೇಳಿದೆ. ಅವತ್ತು ನಿಜವಾಗಿಯೂ ಹೊರಟುಬಿಡುತ್ತಿದ್ದೆಯಾ, ಸಿಟ್ಟಿಗೆ ಒಗ್ಗರಣೆ ಹಾಕಿದೆಯಾ, ಬೇಕೆಂದೇ ಹಾಕಿದೆಯಾ, ಏನಿತ್ತು ನಿನ್ನ ಮನಸ್ಸಿನಲ್ಲಿ?

“ಯಾವ ಸಿಟ್ಟೇ? ಹೊಟ್ಟೆ ಹಸ್ದಿತ್ತು ಕಣೇ!”

“ಹೋಗ್ಬಿಡ್ತೀನಿ ಅಂದಿದ್ಯಲ್ಲ, ಮೊದಲ್ನೇ ಬಸ್ಸಿಗೆ?”

“ಅಂದಿರ್ಬೇಕು. ಹಸಿದೋರು ಏನೇನೋ ಅಂತಾರೆ. ನಿಮ್ಮಜ್ಜಿ ಸಾರು ನೀನೂ ಉಂಡಿದೀಯಲ್ಲ!”

ಜ್ವರ ಬಿಟ್ಟು ಎದ್ದ ಹುಳುವಿಗೆ ಎಲೆಯೊಂದೇ ಕಾಣುತ್ತದೆ. ಈ ಉತ್ತರ ನನ್ನ ಕಥೆಗೆ ಎಷ್ಟು ಚೆನ್ನಾಗಿ ಹೊಂದುತ್ತದೆಂದರೆ, ಅವಳು ನನಗೋಸ್ಕರ ಈಗ ಹೊಲಿದುಕೊಟ್ಟಳೇನೋ ಎಂದು ಗುಮಾನಿ. ಇನ್ನೊಮ್ಮೆ ಕೇಳೋಣವೆಂದು ಬಾಯಿ ತೆರೆದೆ.

“ತಡಿಯೇ, ಎಣ್ಣೆ ಕಾದೈತೆ” ಅಂದಳು. ಫೋನನ್ನು ಕಟ್ಟೆಯ ಮೇಲೆ ಇಟ್ಟ ಸದ್ದು. ಆಫ್ ಮಾಡುವುದು ಮರೆತಿದ್ದಳು. ಸಾಸಿವೆ ಒಂದೊಂದಾಗಿ, ಆಮೇಲೆ ಎಲ್ಲ ಒಟ್ಟಿಗೆ ಸಿಡಿದವು. ಅಲ್ಲಿ ಅವಳು ಕೆಮ್ಮಿದಳು. ಇಲ್ಲಿ, ಘಾಟು ತಲುಪದಷ್ಟು ದೂರದಲ್ಲಿ, ನಾನೂ ಕೆಮ್ಮಿದೆ. ಮೊಮ್ಮಗನನ್ನೋ ಯಾರನ್ನೋ ಊಟಕ್ಕೆ ಬಾರೋ ಎಂದು ಅವಳು ಬೀದಿಗೆ ಕೇಳುವ ಹಾಗೆ ಕೂಗಿದಳು. ನಾನು ಫೋನನ್ನು ಹಾಗೇ ಕಿವಿಗೆ ಹಿಡಿದುಕೊಂಡು, ಹೊಸಕೋಟೆ ಯಾವ ದಿಕ್ಕಿಗೆ ಬರುತ್ತದೆಂದು ಅಂದಾಜು ಮಾಡಿ, ಅದಕ್ಕೆ ಬೆನ್ನಾಗುವ ಹಾಗೆ ಕುರ್ಚಿಯನ್ನು ತಿರುಗಿಸಿಕೊಂಡು, ಅಜ್ಜಿಯ ಆ ಮಾತನ್ನು ಮೆಲ್ಲಗೆ ಹೇಳಿದೆ.